ಗುರುವಾರದ ಬುತ್ತಿ

ಥೆಲ್ಮಾ ಗಾರ್ಬಟ್‌ಗೆ ಸಿಕ್ಕಿದ್ದು ಮೇಲಿನ ಮಂಚ. ಇಂಗ್ಲೆಂಡಿನ ಯಾರ್ಕ್ ಊರಿನ ಅಗ್ಗದ ಹಾಸ್ಟೆಲ್ಲಿನಲ್ಲಿ ಎಂಟು ಜನರ ಕೋಣೆ. ಕೆಳಗಿನ ನಾಲ್ಕು ಮಂಚಗಳಲ್ಲೂ ಅವಳಿಗೆ ಮೊಮ್ಮಕ್ಕಳಾಗಬಹುದಾಗಿದ್ದ ಹುಡುಗಿಯರು ಕಾಲು ಚಾಚಿಕೊಂಡಿದ್ದರು. ಅರವತ್ತೊಂಬತ್ತು ವರ್ಷದ ಹೆಂಗಸು ಏಣಿ ಹತ್ತಬೇಕಲ್ಲ ಎಂದು ಯಾರಾದರೂ ಒಬ್ಬಳು ಜಾಗ ಬಿಟ್ಟುಕೊಟ್ಟಾಳೆಂದು ನಿನ್ನೆ ಸಂಜೆ ಏಣಿಯ ಬುಡದಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು, ಚೀಲದ ಜಿಪ್ಪನ್ನು ಎರಡು ಸಲ ತೆರೆದು ಮುಚ್ಚಿದ್ದಳು. ಬಾಯಿಬಿಟ್ಟು ಕೇಳುವುದು ಮಾತ್ರ ಆಗಲಿಲ್ಲ. ಬೆಳಗ್ಗೆ ಏಳಕ್ಕೆ ಹಿಮ್ಮುಖವಾಗಿ ಇಳಿಯುವಾಗ ಅವಳ ಹೆಬ್ಬೆರಳು ಕೆಳಗಿದ್ದವಳ ಕೂದಲಿಗೆ ತಗುಲಿತು. ‘ಸಾರಿ’ ಎಂದಳು. ಹುಡುಗಿಗೆ ಎಚ್ಚರವಾಗಲಿಲ್ಲ. ಈ ಮಾತಿನಿಂದಲೇ ಎಲ್ಲಿ ಎಚ್ಚರವಾಯಿತೋ ಎಂದು ಇನ್ನೊಮ್ಮೆ ‘ಸಾರಿ’ ಎಂದು, ಕೈಚೀಲವನ್ನು ಎದೆಗವಚಿಕೊಂಡು ಅಡುಗೆಮನೆಗೆ ಹೋದಳು. ಕೈಚೀಲದಲ್ಲಿ ಕನ್ನಡಕ, ಮುದುಕರ ಬಸ್ ಪಾಸು, ಡರ್ಹಮ್ಮಿಗೆ ಹೋಗಿಬರುವ ರೈಲು ಟಿಕೆಟ್ಟು ಮತ್ತು ಗಂಡನ ಹಳೆಯ ಸ್ಕ್ರೂಡ್ರೈವರ್ ಇದ್ದವು.

ಅಡುಗೆಮನೆಯಲ್ಲಿ ಯಾರು ಬೇಕಾದರೂ ನೀರು ಕಾಯಿಸಿಕೊಳ್ಳಬಹುದು, ಚಹಾ ಪುಕ್ಕಟೆ. ಅವಳು ಹಲ್ ಊರಿನ ತನ್ನ ಮನೆಯಿಂದಲೇ ಬ್ರೆಡ್ಡು, ಚೀಸು ತಂದಿದ್ದಳು; ಹೂಕೋಸಿಗೆ ಸಾಸಿವೆ ಅರೆದು ಹಾಕಿ ತಾನೇ ಮಾಡುವ ಹಳದಿ ಉಪ್ಪಿನಕಾಯಿಯನ್ನು ಸಣ್ಣ ಸೀಸೆಯಲ್ಲಿ ತಂದಿದ್ದಳು. ಊರೂರಲ್ಲಿ ಹೋಟೆಲ್ಲಿಗೆ ದುಡ್ಡು ಸುರಿಯುವ ಜಾತಿಯಲ್ಲ ಅವಳದು. ಯೋಚನೆ ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ತಾನು ಮಾಡುತ್ತಿತ್ತು. ಎದುರಿಗೆ ಕೂತು ಜೋಳದ ಅವಲಕ್ಕಿ ತಿನ್ನುತ್ತಿದ್ದ ಹುಡುಗಿ, ಪೋರ್ಚುಗಲ್ಲಿನವಳಂತೆ, ಕತ್ತು ಚಾಚಿ ಕೇಳಿದಳು: “ಅಜ್ಜಿ, ಆ ಅಂಚು ಎಸೀತೀರಾ? ನಾನು ತಿನ್ಲಾ?”

ಥೆಲ್ಮಾ ಕೆಳಗೆ ನೋಡಿದಳು. ಮಣೆಯ ಮೇಲೆ ಎರಡು ಸ್ಯಾಂಡ್‌ವಿಚ್ಚುಗಳಿದ್ದವು. ಒಂದಕ್ಕೆ ನಾಲ್ಕೂ ಕಡೆಯ ಕಂದು ಅಂಚನ್ನು ಕೊಯ್ದು ಬಿಳಿಯ ಚೌಕ ಮಾಡಿಯಾಗಿತ್ತು.

“ತಗೋ ಲವ್, ತಗೋ,” ಎಂದಳು. “ಇಬ್ಬರಿಗೆ ಮಾಡ್ಬಿಟ್ಟಿದೀನಿ ನೋಡು. ಒಬ್ಳೇ ಹೋಗ್ತಿರೋದು.”

“ಯಾರಾದ್ರೂ ಸಿಗ್ತಾರೆ ಬಿಡಿ ದಾರೀಲಿ,” ಎಂದು ಹುಡುಗಿ ಅಂಚನ್ನು ಕರಕರ ಅಗಿದಳು.

ಇವತ್ತು ಗುರುವಾರ ಎಂದು ಕೈಗೆ ನೆನಪಿತ್ತು. ಗಂಡ ಬರ್ನಿ ಸತ್ತು ಎರಡು ವರ್ಷವಾದರೂ ಕೈಗೆ ಯಾರೂ ಆ ಸುದ್ದಿ ಮುಟ್ಟಿಸಿರಲಿಲ್ಲ. ಬರ್ನಿ ಪ್ರವಾಸದ ಬಸ್ಸು ಓಡಿಸುತ್ತಿದ್ದವನು. ಸೋಮವಾರ ಸಮುದ್ರ ತೀರ, ಬುಧವಾರ ಲಿಂಕನ್, ಗುರುವಾರ ಡರ್ಹಮ್. ಮುದುಕಿಯರನ್ನು ಕತೀಡ್ರಲ್ಲಿನ ಬಾಗಿಲಲ್ಲಿ ಇಳಿಸಿ, ಬಸ್ಸನ್ನು ಒಂದು ಕಡೆ ನಿಲ್ಲಿಸಿ, ನಾಲ್ಕು ತಾಸು ಕಾದು ಮತ್ತೆ ತುಂಬಿಸಿಕೊಂಡು ಬರುವ ಕೆಲಸ. ಹನ್ನೊಂದು ವರ್ಷ ಹಾಗೆ ಹೋಗಿ ಬಂದ. ಅದರ ಮೊದಲ ವರ್ಷದಲ್ಲೇ ಒಂದು ಬೆಳಗ್ಗೆ, ಬೂಟಿನ ದಾರ ಕಟ್ಟುತ್ತಾ ತಲೆಯೆತ್ತದೆ ಹೇಳಿದ್ದ: “ಗುರುವಾರ ಎರಡು ಮಾಡೇ. ಹಸಿವಾಗುತ್ತೆ. ಒಂದಕ್ಕೆ ಅಂಚು ತೆಗೆದ್ಬಿಡು, ಹಲ್ಲು ಸರಿಯಿಲ್ಲ.” ಎರಡಕ್ಕೂ ತೆಗೀಲಾ ಎಂದರೆ ಬೇಡ ಒಂದು ಸಾಕು ಎಂದ. ಹಲ್ಲಿನವನ ಹತ್ತಿರ ಹೋಗು ಎಂದರೆ ಹೋಗಲಿಲ್ಲ. ಭಾನುವಾರ ಮಾತ್ರ ಗಟ್ಟಿ ಬ್ರೆಡ್ಡಿನ ತುದಿಯ ತುಂಡೇ ಬೇಕೆಂದು ಕೇಳಿ ಹಾಕಿಸಿಕೊಂಡು ಕಟಕಟ ಕಡಿಯುತ್ತಿದ್ದ. ಭಾನುವಾರಕ್ಕೆ ಬೇರೆ ಹಲ್ಲಿಟ್ಟುಕೊಂಡಿದ್ದನೇನೋ ಎಂದು ಅವಳು ಆಗ ತಮಾಷೆ ಮಾಡಿದ್ದಳು. ಗಂಡಸರ ನೂರೆಂಟು ಖಯಾಲಿಗಳಲ್ಲಿ ಇದೂ ಒಂದು ಎಂದು ಬಿಟ್ಟಿದ್ದಳು. ಈಗಲೂ ಎಣ್ಣೆಕಾಗದದಲ್ಲಿ ಎರಡನ್ನೂ ಸುತ್ತಿ, ಅಮ್ಮ ಕಲಿಸಿದ ಹಾಗೆ ಲಕೋಟೆಯಂತೆ ಮಡಿಚಿ, ಒಂದು ತುದಿಯನ್ನು ಇನ್ನೊಂದರೊಳಗೆ ಸಿಕ್ಕಿಸಿ ಕೈಚೀಲಕ್ಕೆ ಹಾಕಿದಳು.

ರೈಲು ಇದ್ದದ್ದು ಹನ್ನೊಂದೂವರೆಗೆ. ತಿಂಗಳ ಹಿಂದೆಯೇ ಕೊಂಡ ಅಗ್ಗದ ಟಿಕೆಟ್ಟು, ಅದೇ ರೈಲು, ಅದೇ ಸೀಟು. ಬೇರೆ ರೈಲು ಹತ್ತಿದರೆ ದಂಡ. ಅಲ್ಲಿಯವರೆಗೆ ಪುಕ್ಕಟೆ ನೋಡಬಹುದಾದ್ದು ಕೋಟೆಯ ಗೋಡೆ. ಅವಳು ಗೋಡೆಯ ಮೇಲೆ ನಡೆದಳು. ಎಡಕ್ಕೆ ಕತೀಡ್ರಲ್ಲಿನ ಗೋಪುರಗಳು ಬಿಸಿಲಿಗೆ ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದವು, ಜನ ನಿಂತು ಫೋಟೋ ತೆಗೆಯುತ್ತಿದ್ದರು. ಅವಳಿಗೆ ಗೋಪುರ ಬೇಕಿರಲಿಲ್ಲ. ಗೋಡೆಯ ಕೆಳಗೆ, ನದಿಯ ದಡದಲ್ಲಿ, ಹುಲ್ಲಿನ ಅಂಚಿನಲ್ಲಿ ಎಲ್ಲೆಲ್ಲೂ ಬೆಂಚುಗಳು. ಪ್ರತಿ ಬೆಂಚಿನ ಬೆನ್ನಿಗೂ ಒಂದು ಹಿತ್ತಾಳೆ ತಗಡು, ತಗಡಿನ ಮೇಲೆ ಸತ್ತವರ ಹೆಸರು. ಅವಳು ಮೊದಲೆಲ್ಲ ಇವನ್ನು ಓದುತ್ತಲೇ ಇರಲಿಲ್ಲ, ಕೂತು ಕಾಲು ನೀವಿಕೊಂಡು ಎದ್ದು ಹೋಗುತ್ತಿದ್ದಳು. ಈಗ ಒಂದನ್ನೂ ಬಿಡದೆ ಬಗ್ಗಿ ಓದಿದಳು. ‘ಈ ನೋಟವನ್ನು ಪ್ರೀತಿಸಿದ ಹಿಲ್ಡಾಳಿಗೆ, ಅವಳ ಗಂಡನಿಂದ.’ ‘ಅಪ್ಪ ಅಮ್ಮ, ಮತ್ತೆ ಒಟ್ಟಿಗೆ.’ ಎಲ್ಲವೂ ಕ್ರಮವಾಗಿತ್ತು, ಹೆಂಡತಿ ಸತ್ತರೆ ಗಂಡ, ಗಂಡ ಸತ್ತರೆ ಹೆಂಡತಿ. ಆ ಹಿಲ್ಡಾ ಯಾರೋ ಏನೋ, ಸತ್ತು ಮಣ್ಣಾದವಳ ಮೇಲೆ ಥೆಲ್ಮಾಳಿಗೆ ಹೊಟ್ಟೆಕಿಚ್ಚಾಯಿತು. ಯಾವ ಬೆಂಚಿನ ಮೇಲೂ ಅವಳು ಕೂರಲಿಲ್ಲ.

ಎಲ್ಲಾ ಆ ಪಾಲಿನ್ ತಂದಿಟ್ಟದ್ದು. ಪಕ್ಕದ ಮನೆಯ ಪಾಲಿನ್ ಮೇ ತಿಂಗಳಲ್ಲಿ ತಂಗಿಯ ಜೊತೆ ಡರ್ಹಮ್ಮಿಗೆ ಹೋಗಿಬಂದವಳು ಬೇಲಿಯ ಮೇಲಿಂದ ಫೋನು ಹಿಡಿದು ತೋರಿಸಿದ್ದಳು. “ಏನೇ ಥೆಲ್ಮಾ, ಕಳ್ಳಿ! ನನ್ನ ಹತ್ರಾನೂ ಹೇಳ್ಬಾರ್ದಿತ್ತಾ? ಎಷ್ಟು ಚೆನ್ನಾಗಿ ಬರೆಸಿದೀಯೇ, ಓದಿ ನನಗೆ ಅಳುವೇ ಬಂತು.” ಫೋನಿನಲ್ಲಿ ಒಂದು ಬೆಂಚು, ಹಿಂದೆ ನದಿ. ಪಾಲಿನ್ ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿದಳು. ‘ಬರ್ನಿ ಗಾರ್ಬಟ್, ಬಸ್ ಚಾಲಕ, ಹಲ್. ಗುರುವಾರಗಳಂದು ಇಲ್ಲಿ ಕೂರುತ್ತಿದ್ದ. ಬಹಳ ನೆನಪಾಗುತ್ತಾನೆ.’ ಅಷ್ಟೇ. ಬರೆಸಿದವರ ಹೆಸರಿಲ್ಲ. ಥೆಲ್ಮಾಳ ಕೈಯಲ್ಲಿ ಒಗೆದ ದಿಂಬಿನ ಚೀಲವಿತ್ತು, ಅದನ್ನು ಹಿಂಡುತ್ತಲೇ ಇದ್ದಳು. ನಾನಲ್ಲ ಎನ್ನಬೇಕಿತ್ತು. ನಾನಲ್ಲ ಎಂದರೆ ಪಾಲಿನ್‌ಗೆ ಮುಜುಗರವಾಗುತ್ತದಲ್ಲ, ಪಾಪ, ಇಷ್ಟು ಸಂತೋಷದಿಂದ ತೋರಿಸುತ್ತಿದ್ದಾಳೆ. ಬೇರೆ ದೇಶದವಳಾಗಿದ್ದರೆ ಅಲ್ಲೇ ಕೂಗಾಡುತ್ತಿದ್ದಳು, ತಲೆ ಚಚ್ಚಿಕೊಳ್ಳುತ್ತಿದ್ದಳು. ಥೆಲ್ಮಾ, “ಹೂಂ, ಏನೋ, ಒಂದು ಇರ್ಲಿ ಅನ್ನಿಸ್ತು,” ಎಂದಳು. ಎದುರಿನವರಿಗೆ ಮುಜುಗರವಾಗದಿರಲೆಂದು ಆಡಿದ ಆ ಒಂದು ಮಾತು ಅವಳ ಕತ್ತಿಗೇ ಬಿತ್ತು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಭಾನುವಾರ ಪಾದ್ರಿ ಎರಡೂ ಕೈಯಲ್ಲಿ ಅವಳ ಕೈ ಹಿಡಿದು ಎಂಥಾ ಒಳ್ಳೆಯ ಕೆಲಸ ಎಂದ. ಕೊನೆಯ ಮನೆಯವಳು ಕೇಕು ತಂದುಕೊಟ್ಟಳು. ಬೇರೆ ಯಾವಳೋ ತನ್ನ ಗಂಡನ ಹೆಸರಲ್ಲಿ ಹಾಕಿಸಿದ ಬೆಂಚಿಗೆ ತಾನು ಕೇಕು ಕೊಯ್ದು ಹಂಚಿದಳು.

ಮೂರು ತಿಂಗಳು ಅವಳು ಆ ಯಾವಳೋ ಒಬ್ಬಳನ್ನು ಮನಸ್ಸಿನಲ್ಲೇ ಕಟ್ಟುತ್ತಾ ಕೂತಳು. ಎತ್ತರದವಳು. ತುಟಿಗೆ ಬಣ್ಣ. ಕತ್ತಿನಲ್ಲಿ ರೇಷ್ಮೆಯ ವಸ್ತ್ರ. ನಗುವಾಗ ತಲೆ ಹಿಂದಕ್ಕೆ ಎಸೆಯುವವಳು. ಒಂದೊಂದು ದಿನ ಒಂದೊಂದು ಸೇರಿಸಿದಳು, ಪಾತ್ರೆ ತೊಳೆಯುವಾಗ ಉಂಗುರ ತೊಡಿಸಿದಳು, ಇಸ್ತ್ರಿ ಮಾಡುವಾಗ ಮೈಗೆ ಸುಗಂಧ ಹಚ್ಚಿದಳು. ಹಳೆಯದೊಂದು ನೆನಪಾಗಿ ಮೈಯೆಲ್ಲ ಉರಿಯಿತು. ಬರ್ನಿ ಒಂದು ಸಂಜೆ ಊಟದ ಮೇಜಿನಲ್ಲಿ, “ಹಾಲು ಈ ಕಡೆ ಕೊಡು, ಪೆಟ್,” ಎಂದಿದ್ದ. ಅವರ ಊರಲ್ಲಿ ಲವ್ ಎನ್ನುತ್ತಾರೆ. ಹಾಲಿನವನಿಗೂ ಲವ್, ಹೆಂಡತಿಗೂ ಲವ್. ಪೆಟ್ ಎನ್ನುವುದು ಉತ್ತರದವರ ಬಾಯಿ, ಡರ್ಹಮ್ಮಿನ ಕಡೆಯವರದು. “ನಾನೇನು ಬೆಕ್ಕೋ ನಾಯಿಯೋ?” ಎಂದು ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ, ಆದರೆ ಕಿವಿ ಕೆಂಪಾಗಿತ್ತು. ಆ ಕೆಂಪು ಕಿವಿ ಅವಳಿಗೆ ಈಗ, ಇಷ್ಟು ವರ್ಷದ ಮೇಲೆ, ಯಾರ್ಕಿನ ಗೋಡೆಯ ಮೇಲೆ ಸ್ಪಷ್ಟವಾಗಿ ಕಾಣಿಸಿತು. ಬೆಂಚಿನಿಂದ ಆ ತಗಡನ್ನು ಕಿತ್ತು ತರಬೇಕು. ಕಿತ್ತು ತಂದರೆ ಅಲ್ಲಿ ಹೋಗಿ ವಿಚಾರಿಸಲು ಯಾರಿಗೂ ಏನೂ ಸಿಗುವುದಿಲ್ಲ, ಪಾಲಿನ್‌ಗೆ ಹೇಳಿದ ಸುಳ್ಳು ಉಳಿಯುತ್ತದೆ, ಬರ್ನಿಯ ಹೆಸರು ತನ್ನ ಮನೆಗೆ ಬರುತ್ತದೆ. ಕಿತ್ತು ತಂದು ಏನು ಮಾಡುವುದು, ಅಡುಗೆಮನೆಯ ಗೂಡಿನಲ್ಲಿಡುವುದೋ, ಕಸಕ್ಕೆ ಹಾಕುವುದೋ, ಅದನ್ನು ಮಾತ್ರ ಯೋಚಿಸಿರಲಿಲ್ಲ.

ರೈಲಿನಲ್ಲಿ ಅವಳ ಸೀಟಿನ ಮೇಲೆ ಒಬ್ಬ ದಪ್ಪ ಗಂಡಸು ಕೂತು ಕಂಪ್ಯೂಟರ್ ಬಿಚ್ಚಿಕೊಂಡಿದ್ದ. ಅವಳು ಟಿಕೆಟ್ಟಿನ ಸಂಖ್ಯೆ ನೋಡಿದಳು, ಸೀಟಿನ ಸಂಖ್ಯೆ ನೋಡಿದಳು, ಮತ್ತೆ ಟಿಕೆಟ್ಟು ನೋಡಿದಳು. ಅವನು ಮುಖವೆತ್ತಿ, “ಏನಾದ್ರೂ ಬೇಕಿತ್ತಾ?” ಎಂದ.

“ಸಾರಿ. ಇಲ್ಲ, ಇಲ್ಲ. ನೀವು ಕೂತ್ಕೊಳ್ಳಿ.”

ಅವನು ಕೂತೇ ಇದ್ದ. ಅವಳು ಶೌಚಾಲಯದ ಬಾಗಿಲ ಪಕ್ಕ ನಿಂತಳು. ಮುಕ್ಕಾಲು ತಾಸು, ತನ್ನ ಹೆಸರಲ್ಲಿ ಕಾದಿಟ್ಟ ಸೀಟಿನ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಬಾಗಿಲು ತೆರೆದಾಗಲೆಲ್ಲ ಪಕ್ಕಕ್ಕೆ ಸರಿದು ಒಳಗೆ ಹೋಗುವವರಿಗೊಂದು ಹೊರಗೆ ಬರುವವರಿಗೊಂದು ಸಾರಿ ಹೇಳುತ್ತಾ ನಿಂತಳು. ಹೊಲ, ದನ, ಇಟ್ಟಿಗೆಯ ಮನೆಗಳ ಬೆನ್ನು ಹಿಂದಕ್ಕೆ ಹೋದವು. ಮೊದಮೊದಲು ಬರ್ನಿ ಅವಳನ್ನು ಕರೆದಿದ್ದ, ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಬಸ್ಸಿನಲ್ಲಿ ಸೀಟು ಮಿಕ್ಕಿದರೆ ಚಾಲಕನ ಹೆಂಡತಿ ಬರಬಹುದು ಎಂದಿದ್ದ. ಮೂರು ಸಲ ಕರೆದ. “ಅಲ್ಲಿ ನೋಡೋದೇನಿದೆ, ಬರೀ ಕಲ್ಲು,” ಎಂದಿದ್ದಳು ಒಮ್ಮೆ. “ಇಡೀ ದಿನ ನಿನ್ನ ಕುತ್ತಿಗೆ ನೋಡ್ಕೊಂಡು ಕೂರ್ಲಾ?” ಎಂದಿದ್ದಳು ಇನ್ನೊಮ್ಮೆ. ಮೂರನೆಯ ಸಲ ಏನಂದಿದ್ದಳೋ ನೆನಪಿಲ್ಲ, ಪರದೆ ಒಗೆಯುವುದಿದೆ ಎಂದಿರಬೇಕು. ನಾಲ್ಕನೆಯ ಸಲ ಅವನು ಕರೆಯಲಿಲ್ಲ. ತಾನು ಬಿಟ್ಟ ಸೀಟಿನಲ್ಲಿ ಇನ್ನೊಬ್ಬಳು ಕೂತಳು. ಒಬ್ಬ ಅಪರಿಚಿತ ಗಂಡಸನ್ನು ಏಳಪ್ಪಾ ಇದು ನನ್ನದು ಎನ್ನಲಾರದವಳು, ಆ ರೇಷ್ಮೆಯ ವಸ್ತ್ರದವಳು ಎದುರಿಗೇ ಸಿಕ್ಕಿದರೆ ಏನು ಹೇಳಿಯಾಳು? ಅವಳು ಸಿಗದಿರಲಿ ಎಂದು ಬೇಡಿಕೊಂಡಳು. ಸಿಗಲಿ ಎಂತಲೂ ಬೇಡಿಕೊಂಡಳು.

ಡರ್ಹಮ್ಮಿನಲ್ಲಿ ಇಳಿದದ್ದೇ ತಡ, ಟಿಕೆಟ್ಟು ನೋಡುವವನು, “ಹುಷಾರು ಪೆಟ್, ಮೆಟ್ಟಿಲು ಜಾರುತ್ತೆ,” ಎಂದ. ದಾರಿ ಕೇಳಿದರೆ ಬಸ್ಸಿನವಳು, “ಕೆಳಗಿಳಿದು ಬಲಕ್ಕೆ ತಿರುಗಿ, ಪೆಟ್.” ಅಂಗಡಿಯಲ್ಲಿ ನೀರಿನ ಬಾಟಲಿ ಕೊಟ್ಟ ಹರೆಯದವಳೂ ಪೆಟ್. ಊರಿಗೆ ಊರೇ ಸೇರಿ ಅವಳ ಗಂಡನ ಕಿವಿ ಕೆಂಪಾಗಿಸಿದ ಪದವನ್ನು ಅವಳ ಮುಖದ ಮೇಲೆ ಎಸೆಯುತ್ತಿತ್ತು. ಎಲ್ಲರೂ ಎಲ್ಲರಿಗೂ ಹಾಗೇ ಅನ್ನುತ್ತಾರೆ, ಅದರಲ್ಲಿ ಏನೂ ಇಲ್ಲ ಎಂದು ಅವಳಿಗೂ ಗೊತ್ತಾಯಿತು. ಗೊತ್ತಾದರೆ ಉರಿ ಆರುತ್ತದೆಯೇ! ಗುಡ್ಡದ ನೆತ್ತಿಯಲ್ಲಿ ಕತೀಡ್ರಲ್ ಇತ್ತು, ಅವಳು ಅಂದ ಹಾಗೆಯೇ ಬರೀ ಕಲ್ಲು, ಆದರೆ ಎಂಥ ಕಲ್ಲು. ಬಾರದೇ ಇದ್ದದ್ದಕ್ಕೆ ಆ ಕಲ್ಲಿನ ಮೇಲೂ ಸಿಟ್ಟು ಬಂದು ಅವಳು ತಲೆತಗ್ಗಿಸಿ ನದಿಯ ದಾರಿ ಹಿಡಿದಳು.

ಬೆಂಚು ಸೇತುವೆ ದಾಟಿದ ಮೇಲೆ ಮೂರನೆಯದು. ಮರ ಹಳತಾಗಿ ಬೂದಿಬಣ್ಣಕ್ಕೆ ಬಂದಿತ್ತು, ತಗಡು ಮಾತ್ರ ಹೊಸದು, ಫಳಫಳ ಉಜ್ಜಿಟ್ಟದ್ದು. ಯಾರೋ ಬಂದು ಉಜ್ಜುತ್ತಾರೆ. ಅವಳು ಗಂಡನ ಹೆಸರನ್ನು ಓದಿದಳು. ಬೆರಳಿನಿಂದ ಮುಟ್ಟಿದಳು. ಆಚೀಚೆ ನೋಡಿದಳು, ದೂರದಲ್ಲಿ ಒಂದು ದೋಣಿ, ಒಂದು ನಾಯಿ, ನಾಯಿಯ ಯಜಮಾನ. ಬೆಂಚಿನ ಮೇಲೆ ಮಂಡಿಯೂರಿ ಸ್ಕ್ರೂಡ್ರೈವರ್ ತೆಗೆದಳು. ಬರ್ನಿ ಇದ್ದಾಗ ಇದನ್ನು ಒಂದು ದಿನವೂ ಮುಟ್ಟಿರಲಿಲ್ಲ. ಮನೆಯಲ್ಲಿ ಯಾವುದು ಸಡಿಲವಾದರೂ ‘ಬರ್ನೀ’ ಎಂದು ಕೂಗಿದರೆ ಆಗುತ್ತಿತ್ತು. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದಕ್ಕೆ ಮಣಿಕಟ್ಟು ನೋಯಿತು. ಮೂರನೆಯದನ್ನು ತಿರುಗಿಸುವಾಗ ತಾನು ಯಾರ ಗೋರಿಯನ್ನೋ ಅಗೆಯುತ್ತಿದ್ದೇನೆ ಅನ್ನಿಸಿತು, ಆದರೂ ನಿಲ್ಲಿಸಲಿಲ್ಲ. ನಾಲ್ಕನೆಯದು ಬರಲಿಲ್ಲ. ಅದರ ತಲೆ ಸವೆದುಹೋಗಿತ್ತು, ಸ್ಕ್ರೂಡ್ರೈವರ್ ಜಾರಿ ಜಾರಿ ಬೆರಳಿಗೆ ತಾಗಿ ರಕ್ತ ಬಂತು. ತಗಡು ಒಂದೇ ಮೂಲೆಯಲ್ಲಿ ನೇತಾಡಿ, ಬರ್ನಿಯ ಹೆಸರು ತಲೆಕೆಳಗಾಯಿತು.

“ಸಾರಿ, ಇಲ್ಲಿ ಯಾರಾದ್ರೂ ಕೂತಿದಾರಾ?”

ಹಿಂದೆ ಒಬ್ಬ ಮುದುಕಿ ನಿಂತಿದ್ದಳು. ಕುಳ್ಳಿ, ದುಂಡಗೆ, ಕೈಯಿಂದ ಹೆಣೆದ ಹಸಿರು ಟೋಪಿ, ಪಾತ್ರೆ ತೊಳೆದು ತೊಳೆದು ಊದಿಕೊಂಡ ಕೆಂಪು ಕೈ. ಥೆಲ್ಮಾಳಿಗಿಂತ ಎರಡು ಮೂರು ವರ್ಷ ದೊಡ್ಡವಳೇ ಇರಬೇಕು. ಥೆಲ್ಮಾ ಸ್ಕ್ರೂಡ್ರೈವರನ್ನು ಕೋಟಿನ ತೋಳಿನೊಳಕ್ಕೆ ಜಾರಿಸಿ, ಮೂರು ಸ್ಕ್ರೂಗಳನ್ನು ಮುಷ್ಟಿಯಲ್ಲಿ ಹಿಡಿದು ನೆಟ್ಟಗೆ ಕೂತಳು. “ಇಲ್ಲ, ಇಲ್ಲ. ಬನ್ನಿ ಕೂತ್ಕೊಳ್ಳಿ. ಸಾರಿ,” ಎಂದಳು.

ಮುದುಕಿ ಕೂರುವ ಮೊದಲು ತಗಡನ್ನು ನೋಡಿದಳು. “ಅಯ್ಯೋ!” ಎಂದಳು. ನೇತಾಡುತ್ತಿದ್ದದ್ದನ್ನು ನೆಟ್ಟಗೆ ಮಾಡಿದಳು, ಕೈ ಬಿಟ್ಟ ಕೂಡಲೇ ಅದು ಮತ್ತೆ ತಿರುಗಿತು. “ನೋಡಿದ್ರಾ? ಹೋದ ವಾರ ಸರಿಯಾಗಿತ್ತು. ಯಾವ ಪುಂಡರೋ ಏನೋ. ಇವರಿಗೆ ಏನು ಸಿಗುತ್ತೆ ಪೆಟ್, ಸತ್ತವರದ್ದು ಕಿತ್ತು?”

“ಈಗಿನ ಕಾಲದವರು,” ಎಂದಳು ಥೆಲ್ಮಾ. ಮುಷ್ಟಿಯಲ್ಲಿ ಸ್ಕ್ರೂಗಳು ಚುಚ್ಚಿದವು. ಕೋಟಿನ ಜೇಬಿಗೆ ಬಿಟ್ಟಳು. “ನಿಮ್ಮೋರಾ?”

“ನನ್ನೋನು ಅಂದ್ರೆ...” ಮುದುಕಿ ಕೂತು ಮಂಡಿಯ ಮೇಲೆ ಕೈಯಿಟ್ಟಳು. “ನನ್ನೋನೇನಲ್ಲ. ಗೆಳೆಯ. ನನ್ ಹೆಸರು ಮೊಯ್ರಾ. ಆ ಮೇಲ್ಗಡೆ ಚಹಾದಂಗಡೀಲಿ ಪಾತ್ರೆ ತೊಳೀತಿದ್ದೆ, ಗುರುವಾರ ಮಧ್ಯಾಹ್ನ ರಜ. ಇಲ್ಲಿ ಬಂದು ಕೂರ್ತಿದ್ದೆ. ಒಂದಿನ ಇವ್ನೂ ಬಂದು ಕೂತ. ಎರಡು ತಿಂಗಳು ಬರೀ ಮಳೆ ಬಿಸಿಲು ಅಂತ ಮಾತಾಡಿದ್ವಿ ನೋಡಿ, ಹೆಸರೂ ಕೇಳ್ಲಿಲ್ಲ.”

ಇವಳೇ. ಎತ್ತರವಿಲ್ಲ, ರೇಷ್ಮೆಯಿಲ್ಲ, ಉಂಗುರವಿಲ್ಲ. ಮೂರು ತಿಂಗಳು ತಾನು ಅಷ್ಟು ಖರ್ಚು ಮಾಡಿ ಸಿಂಗರಿಸಿದ ಹೆಂಗಸು ಒಂದು ಕ್ಷಣದಲ್ಲಿ ಮಾಯವಾಗಿ ಅಲ್ಲಿ ಹಸಿರು ಟೋಪಿಯ ಮುದುಕಿಯೊಬ್ಬಳು ಉಳಿದಳು. ಇದರಿಂದ ಥೆಲ್ಮಾಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಅವಮಾನವಾಯಿತು. ಚೆಂದದವಳಿಗೆ ಸೋತಿದ್ದರೆ ಒಂದು ಮಾತು. ಇವಳಲ್ಲಿ ಏನಿದೆ ನನ್ನಲ್ಲಿಲ್ಲದ್ದು? ಕೈ ಕೂಡ ನನ್ನ ಕೈಯಂತೆಯೇ ಇದೆ.

“ಹೆಂಡತಿ ಮಕ್ಕಳು ಇರ್ಲಿಲ್ವಾ ಅವರಿಗೆ?” ಎಂದಳು, ದೋಣಿಯ ಕಡೆ ನೋಡುತ್ತಾ.

“ಹೆಂಡತಿ ಇದ್ಲು. ಅವ್ಳ ವಿಷಯ ಮಾತಾಡ್ತಿರ್ಲಿಲ್ಲ, ನಾನೂ ಕೇಳ್ಲಿಲ್ಲ. ಹಾಗೆಲ್ಲ ಕೇಳ್ಬಾರ್ದು ಅಲ್ವಾ? ಕೆಟ್ಟದ್ದೇನೂ ಇರ್ಲಿಲ್ಲ ಪೆಟ್, ತಪ್ಪು ತಿಳ್ಕೋಬೇಡಿ. ಹನ್ನೊಂದು ವರ್ಷದಲ್ಲಿ ಒಂದ್ಸಲ ನನ್ನ ಕೈ ಹಿಡಿದಿದ್ದ, ಅದೂ ಮಂಜು ಬಿದ್ದು ಮೆಟ್ಟಿಲು ಜಾರ್ತಿತ್ತು ಅಂತ.” ಮೊಯ್ರಾ ನಕ್ಕಳು. ನಗುವಾಗ ಎಡಗಡೆ ಹಲ್ಲಿರಲಿಲ್ಲ. “ಬುತ್ತಿ ತರ್ತಿದ್ದ. ಇಬ್ರೂ ತಿಂತಿದ್ವಿ. ಎಂಥಾ ಕೈ ರುಚಿ ಗೊತ್ತಾ ಅವಂದು! ಆ ಹಳದಿ ಉಪ್ಪಿನಕಾಯಿ! ಗಂಡಸರು ಅಷ್ಟು ಚೆನ್ನಾಗಿ ಮಾಡೋದು ನಾನು ಕಂಡಿಲ್ಲ.”

“ಅವರೇ ಮಾಡ್ತಿದ್ರಾ?”

“ಅವ್ನೇ. ಹೇಗೆ ಮಾಡ್ತೀಯಾ ಹೇಳು ಅಂತ ಎಷ್ಟು ಸಲ ಗಂಟುಬಿದ್ದೆ, ನಗ್ತಿದ್ದ, ಹೇಳ್ತಿರ್ಲಿಲ್ಲ. ಇನ್ನೊಂದು ನೋಡಿ.” ಮೊಯ್ರಾ ಕೆನ್ನೆ ಮುಟ್ಟಿಕೊಂಡಳು. “ನನಗೆ ಈ ಕಡೆ ಹಲ್ಲಿಲ್ಲ, ಗಟ್ಟಿ ತಿನ್ನಕ್ಕಾಗಲ್ಲ. ಮೊದ್ಲ ದಿನ ಅಂಚು ಬಿಟ್ಟಿದ್ದೆ. ನೋಡಿದ, ಏನೂ ಅನ್ಲಿಲ್ಲ. ಮುಂದಿನ ಗುರುವಾರ ನನ್ನ ಪಾಲಿನದಕ್ಕೆ ಅಂಚು ಕೊಯ್ದು ತಂದಿದ್ದ. ಅವತ್ತಿಂದ ಒಂದು ವಾರಾನೂ ಮರೀಲಿಲ್ಲ. ಯಾರು ಮಾಡ್ತಾರೆ ಹೇಳಿ ಪೆಟ್, ಅಷ್ಟನ್ನ?”

ಥೆಲ್ಮಾಳಿಗೆ ತನ್ನ ಅಡುಗೆಮನೆ ಕಂಡಿತು. ತರಕಾರಿ ಹೆಚ್ಚುವ ಚಿಕ್ಕ ಚಾಕು, ಅದರ ಕಪ್ಪು ಹಿಡಿ, ಬೆಳಗಿನ ಆರು ಗಂಟೆ, ಕಿಟಕಿಯ ಹೊರಗೆ ಇನ್ನೂ ಹರಿಯದ ಕತ್ತಲು. ಹನ್ನೊಂದು ವರ್ಷದ ಗುರುವಾರಗಳು. ಜ್ವರ ಬಂದಾಗಲೂ ಎದ್ದು ಕೊಯ್ದಿದ್ದಳು. ಅವನ ಹಲ್ಲಿಗೆ ನೋವಾಗದಿರಲಿ ಎಂದು ಬಿಳಿಯ ಚೌಕದಲ್ಲಿ ಒಂದು ಎಳೆ ಕಂದು ಉಳಿಯದ ಹಾಗೆ ನೋಡಿಕೊಂಡಿದ್ದಳು. ಅವನು ಬೂಟಿನ ದಾರ ಕಟ್ಟುತ್ತಾ ತಲೆಯೆತ್ತದೆ ಕೇಳಿದ್ದು ಇವಳ ಹಲ್ಲಿಗಾಗಿ. ತನ್ನ ಕೈಯಿಂದಲೇ ತನ್ನ ಗಂಡ ಇನ್ನೊಬ್ಬಳನ್ನು ಪ್ರೀತಿಸಿದ್ದ. ಹಾಸಿಗೆಯ ಸಂಗತಿಯಾಗಿದ್ದರೆ ಅದಕ್ಕೊಂದು ಹೆಸರಿದೆ, ಕೂಗಾಡಬಹುದು, ಪಾಲಿನ್‌ಗೆ ಹೇಳಿ ಅಳಬಹುದು, ಪಾದ್ರಿಯೂ ತಲೆಯಾಡಿಸುತ್ತಾನೆ. ಅಂಚು ಕೊಯ್ದ ಎಂದು ಯಾರ ಹತ್ತಿರ ದೂರುವುದು? ತನಗೆ ಅವನು ಒಂದು ದಿನವಾದರೂ ಏನನ್ನಾದರೂ ಕೊಯ್ದು ಕೊಟ್ಟಿದ್ದನೇ? ಬಹಳ ಹೊತ್ತು ಹುಡುಕಿದಳು. ಒಮ್ಮೆ, ಮಗಳು ಹುಟ್ಟಿದಾಗ, ಆಸ್ಪತ್ರೆಗೆ ಕಿತ್ತಳೆ ತಂದಿದ್ದ. ಸುಲಿದಿರಲಿಲ್ಲ.

ಕೈಗೆ ಏನಾದರೂ ಕೆಲಸ ಬೇಕಿತ್ತು, ಇಲ್ಲದಿದ್ದರೆ ಅದು ಈ ಮುದುಕಿಯ ಟೋಪಿಯನ್ನು ಕಿತ್ತು ನದಿಗೆ ಎಸೆಯುತ್ತಿತ್ತು. ಅವಳು ಕೈಚೀಲದಿಂದ ಪೊಟ್ಟಣ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮೊಯ್ರಾಳ ಕಣ್ಣು ಅದರ ಮೇಲೆ ಬಿತ್ತು. ಲಕೋಟೆಯಂತೆ ಮಡಿಚಿದ ಎಣ್ಣೆಕಾಗದ, ಒಂದು ತುದಿ ಇನ್ನೊಂದರೊಳಗೆ. ಥೆಲ್ಮಾ ತುದಿಯನ್ನು ಎಳೆದು ಬಿಚ್ಚಿದಳು. ಒಳಗೆ ಎರಡು, ಒಂದಕ್ಕೆ ಅಂಚಿತ್ತು, ಒಂದಕ್ಕಿರಲಿಲ್ಲ, ನಡುವೆ ಹಳದಿ ಇಣುಕುತ್ತಿತ್ತು.

ಮೊಯ್ರಾಳ ಕೆಂಪು ಕೈ ಬಾಯಿಯ ಮೇಲೆ ಹೋಯಿತು. ದೋಣಿಯೊಂದು ಸೇತುವೆಯ ಕೆಳಗೆ ಹೋಗುವವರೆಗೂ ಅದು ಅಲ್ಲೇ ಇತ್ತು.

“ನೀವು,” ಎಂದಳು.

“ಹೌದು.”

“ಅವ್ನೇ ಮಾಡ್ತಿದ್ದ ಅಂತ... ದೇವರಾಣೆಗೂ ನನಗೆ ಗೊತ್ತಿರ್ಲಿಲ್ಲ. ಸಾರಿ. ಸಾರಿ, ಪೆಟ್.”

“ಸಾರಿ,” ಎಂದಳು ಥೆಲ್ಮಾ.

ಹಾಗೆಂದ ಮೇಲೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನ್ನಿಸಿತು. ಯಾವುದಕ್ಕೆ ಸಾರಿ? ಹನ್ನೊಂದು ವರ್ಷ ಇವಳಿಗೆ ಬುತ್ತಿ ಕಟ್ಟಿಕೊಟ್ಟದ್ದಕ್ಕೋ? ಸೀಟಿನಲ್ಲಿ ಕೂತ ದಪ್ಪ ಗಂಡಸಿಗೂ ಸಾರಿ, ಗಂಡನನ್ನು ಇಟ್ಟುಕೊಂಡವಳಿಗೂ ಸಾರಿ. ಇಟ್ಟುಕೊಂಡವಳು ಎನ್ನೋಣವೆಂದರೆ ಇವಳು ಅವ್ವನಂತೆ ಕೂತಿದ್ದಾಳೆ, ಹಾಳಾದ ಟೋಪಿ ಹಾಕಿಕೊಂಡು. ಥೆಲ್ಮಾ ಅಂಚಿಲ್ಲದ್ದನ್ನು ತಾನು ಎತ್ತಿಕೊಂಡಳು. ಅಂಚಿದ್ದದ್ದನ್ನು ಕಾಗದದ ಸಮೇತ ಮೊಯ್ರಾಳ ತೊಡೆಯ ಮೇಲಿಟ್ಟಳು.

“ತಗೊಳ್ಳಿ. ಗುರುವಾರ ಅಲ್ವಾ.”

ಮೊಯ್ರಾ ಬ್ರೆಡ್ಡಿನ ಕಂದು ಅಂಚನ್ನು ನೋಡಿದಳು. ಥೆಲ್ಮಾಳ ಮುಖ ನೋಡಿದಳು. ಕೊಟ್ಟದ್ದನ್ನು ಬೇಡ ಎನ್ನುವ ಜನವಲ್ಲ ಅವರದು. “ಥ್ಯಾಂಕ್ಯೂ,” ಎಂದು ಕಚ್ಚಿದಳು.

ಥೆಲ್ಮಾ ತನ್ನದನ್ನು ತಿಂದಳು. ಹನ್ನೊಂದು ವರ್ಷ ಮಾಡಿದ್ದಳೇ ಹೊರತು ಅಂಚಿಲ್ಲದ್ದನ್ನು ಒಂದು ದಿನವೂ ತಿಂದಿರಲಿಲ್ಲ. ಮೆತ್ತಗಿತ್ತು. ಹಲ್ಲೇ ಬೇಡ, ನಾಲಿಗೆಗೆ ತಾಗುತ್ತಲೇ ಕರಗುತ್ತಿತ್ತು. ಅವಳು ನಿಧಾನವಾಗಿ ತಿನ್ನುತ್ತಾ ಪಕ್ಕಕ್ಕೆ ನೋಡುತ್ತಿದ್ದಳು. ಮೊಯ್ರಾ ಬಲಗಡೆ ಅಗಿದಳು, ಅಂಚು ಎಡಕ್ಕೆ ಜಾರಿದಾಗ ಕಣ್ಣು ಮುಚ್ಚಿ ಕೆನ್ನೆ ಒತ್ತಿಕೊಂಡಳು, ನುಂಗಿದಳು, ಮತ್ತೆ ಕಚ್ಚಿದಳು. ಕಣ್ಣಲ್ಲಿ ನೀರು ಬಂದಿತ್ತು, ಹಲ್ಲಿಗೋ ಬೇರೆಯದಕ್ಕೋ ತಿಳಿಯುವಂತಿರಲಿಲ್ಲ. ಸಾಕು ಬಿಡಿ, ಅಂಚು ಬಿಟ್ಟುಬಿಡಿ ಎನ್ನುವುದು ಎರಡು ಮಾತು. ಥೆಲ್ಮಾ ಅನ್ನಲಿಲ್ಲ. ಕೊನೆಯ ತುಣುಕಿನವರೆಗೂ ಬೇಕೆಂದೇ ನೋಡಿದಳು. ನೋಡುತ್ತಾ ನೋಡುತ್ತಾ ಒಳಗಿನ ಉರಿ ಇಳಿಯುತ್ತದೆ ಎಂದುಕೊಂಡಿದ್ದಳು. ಇಳಿದದ್ದು ನಿಜ, ಆದರೆ ಅದರ ಜಾಗದಲ್ಲಿ ನಾಚಿಕೆ ಬಂದು ಕೂತಿತು.

ಮೊಯ್ರಾ ಕಾಗದದ ಮೇಲಿನ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದಳು. ಕೆನ್ನೆ ಒರೆಸಿಕೊಂಡಳು. “ತುಂಬಾ ಚೆನ್ನಾಗಿತ್ತು,” ಎಂದಳು. “ಯಾವಾಗ್ಲೂ ಅಷ್ಟೇ. ಒಂದು ವಾರಾನೂ ಕೆಟ್ಟಿರ್ಲಿಲ್ಲ.”

ನಲವತ್ತನಾಲ್ಕು ವರ್ಷದಲ್ಲಿ ಬರ್ನಿ ಅವಳ ಅಡುಗೆಗೆ ‘ಪರವಾಗಿಲ್ಲ’ ಎನ್ನುವುದಕ್ಕಿಂತ ಹೆಚ್ಚು ಹೇಳಿರಲಿಲ್ಲ. ಪ್ರತಿ ಗುರುವಾರ ಈ ಮಾತನ್ನು ಈ ಬೆಂಚಿನ ಮೇಲೆ ಕೇಳಿಸಿಕೊಂಡು, ನಕ್ಕು, ತನ್ನ ಜೇಬಿಗೇ ಹಾಕಿಕೊಂಡು ಮನೆಗೆ ಬಂದಿದ್ದ. ಅದು ಯಾರಿಗೆ ಸೇರಬೇಕಿತ್ತೋ ಅವಳನ್ನು ಇವತ್ತು ಮುಟ್ಟಿತು. ಥೆಲ್ಮಾಳಿಗೆ ಮುಖ ಬಿಸಿಯಾಯಿತು. ಯಾರಾದರೂ ಹೊಗಳಿದಾಗ ಅವಳು ಯಾವಾಗಲೂ ಮಾಡುವಂತೆ, ಸ್ಕರ್ಟಿನ ಮೇಲಿನ ಪುಡಿ ಕೊಡವುತ್ತಾ ಹೇಳಿದಳು: “ಇವತ್ತು ಸಾಸಿವೆ ಒಂಚೂರು ಜಾಸ್ತಿ ಆಯ್ತು.”

“ಇಲ್ಲ ಪೆಟ್. ಸರಿಯಾಗಿತ್ತು.”

ಥೆಲ್ಮಾ ಕೋಟಿನ ಜೇಬಿಗೆ ಕೈಹಾಕಿ ಮೂರು ಸ್ಕ್ರೂಗಳನ್ನು ಎಣ್ಣೆಕಾಗದದ ಮೇಲಿಟ್ಟಳು. ತೋಳಿನೊಳಗಿಂದ ಸ್ಕ್ರೂಡ್ರೈವರನ್ನು ಎಳೆದು ಪಕ್ಕದಲ್ಲಿಟ್ಟಳು. ಮೊಯ್ರಾ ಅದನ್ನು ನೋಡಿದಳು, ತಗಡನ್ನು ನೋಡಿದಳು, ಥೆಲ್ಮಾಳ ಬೆರಳಿನ ರಕ್ತವನ್ನೂ ನೋಡಿದಳು.

“ಸಾರಿ,” ಎಂದಳು ಥೆಲ್ಮಾ. ಈ ಸಲ ಮನಸ್ಸಿನಿಂದಲೇ ಅಂದಳು. ಆದರೆ ಆ ದೇಶದಲ್ಲಿ ಎರಡಕ್ಕೂ ಒಂದೇ ಪದ, ಯಾವುದು ಯಾವುದೆಂದು ಕೇಳಿದವರಿಗೆ ಗೊತ್ತಾಗುವುದಿಲ್ಲ.

“ತಗಡು ನಾನು ಹಿಡ್ಕೋತೀನಿ,” ಎಂದಳು ಮೊಯ್ರಾ. “ನೀವು ಹಾಕಿ.”

ಇಬ್ಬರೂ ಬೆಂಚಿನ ಮೇಲೆ ಮಂಡಿಯೂರಿದರು. ಮೊಯ್ರಾ ತನ್ನ ಊದಿದ ಬೆರಳುಗಳಿಂದ ಬರ್ನಿಯ ಹೆಸರನ್ನು ನೆಟ್ಟಗೆ ಹಿಡಿದಳು. ಥೆಲ್ಮಾ ಒಂದು ಸ್ಕ್ರೂ ಹಾಕಿ ಬಿಗಿ ಮಾಡಿದಳು. ಇನ್ನೊಂದು ಹಾಕಿದಳು. ಮೂರನೆಯದನ್ನು ಬೆರಳಲ್ಲಿ ಹಿಡಿದು ಖಾಲಿ ತೂತಿನ ತನಕ ಒಯ್ದವಳು, ನಿಂತು, ಅದನ್ನು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.

ಮೊಯ್ರಾ ಮೆಲ್ಲನೆ ಕೈ ಬಿಟ್ಟು ನೋಡಿದಳು. ಬಿಚ್ಚಲು ಬಾರದೆ ಉಳಿದದ್ದೂ ಸೇರಿ ಮೂರು ಸ್ಕ್ರೂಗಳಿಗೆ ತಗಡು ಅಲುಗದೆ ನಿಂತಿತ್ತು.

“ಮೂರು ಸಾಕು,” ಎಂದಳು.